ಬಿಗಿ ಮಾಡು ಅಂದವನು

ಕಡವಿನಕೊಪ್ಪಲಿನ ಚನ್ನಪ್ಪ ತೇಲುಸೇತುವೆಯ ಮೇಲೆ ಒಂದು ದಿನವೂ ಕಾಲಿಟ್ಟವನಲ್ಲ. ಆಚೆ ದಡದ ಗುಡ್ಡೇನಹಳ್ಳಿಯಲ್ಲಿ ಮದುವೆಯೋ ತಿಥಿಯೋ ಇದ್ದರೆ, ಹಾಸನದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಕಾದು, ಅರ್ಧ ದಿನ ಸುತ್ತು ಹಾಕಿ ಹೋಗುತ್ತಿದ್ದ. ಕಣ್ಣೆದುರಿಗೆ ಬಿದ್ದಿದ್ದ ಇನ್ನೂರು ಗಜದ ದಾರಿಯನ್ನು ಮಾತ್ರ ತುಳಿಯುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಅದರ ಮ್ಯಾಲೆ ಓಗೋದ್ಕಿಂತ ಈಜ್ಕೊಂಡ್ ಓಯ್ತೀನಿ" ಎಂದು ಉಗಿದು ಎದ್ದು ಹೋಗುತ್ತಿದ್ದ.

ಅವನ ಸಿಟ್ಟಿಗೆ ಕಾರಣವಿತ್ತು. ಗೊರೂರಿನಲ್ಲಿ ಅಣೆಕಟ್ಟು ಎದ್ದಾಗ ಚನ್ನಪ್ಪನಿಗೆ ಹನ್ನೆರಡು ವರ್ಷ. ಅಪ್ಪನ ನಾಲ್ಕು ಎಕರೆ ಗದ್ದೆ ಹೇಮಾವತಿಯ ಹಿನ್ನೀರಿನಡಿ ಹೋಯಿತು. ಮುಳುಗಿದ ಗದ್ದೆಯ ಮೇಲೆಯೇ ಅಪ್ಪ ದೋಣಿ ಹಾಕಿದ. ಅಪ್ಪನ ನಂತರ ಚನ್ನಪ್ಪ ಹುಟ್ಟು ಹಿಡಿದ. ಮೂವತ್ತನಾಲ್ಕು ವರ್ಷ ಎರಡೂ ಊರಿನ ಬಸುರಿಯರನ್ನು, ಮದುಮಕ್ಕಳನ್ನು, ಹಾಲಿನ ಕ್ಯಾನುಗಳನ್ನು, ಕುರಿ ಕೋಳಿಗಳನ್ನು ದಾಟಿಸಿದ. ಅಷ್ಟು ವರ್ಷದಲ್ಲಿ ಅವನ ದೋಣಿಯಿಂದ ಒಂದು ಕೋಳಿಮರಿ ಕೂಡ ನೀರುಪಾಲಾಗಿರಲಿಲ್ಲ. ಅದೊಂದು ಮಾತು ಹೇಳುವಾಗ ಅವನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ.

ಸೇತುವೆ ಬಂತು. ಬರಲಿ, ಊರಿಗೆ ಒಳ್ಳೆಯದಾಗಲಿ ಅಂತಲೇ ಅವನೂ ಅಂದುಕೊಂಡಿದ್ದ. ಆದರೆ ಅದು ಶುರುವಾದ ಮೂರನೆಯ ದಿನ ಶಾಂತರಾಜು ನಾಲ್ಕು ಜನರನ್ನು ಕಟ್ಟಿಕೊಂಡು ದಡಕ್ಕೆ ಬಂದ. ಶಾಂತರಾಜು ಊರಿನ ದೊಡ್ಡ ಮನೆಯವನು, ಚನ್ನಪ್ಪನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಸೇತುವೆ ನೋಡಿಕೊಳ್ಳುವ ಕೆಲಸ ಅವನಿಗೆ ಆಗಿತ್ತು. ಇನ್ನು ಮೇಲೆ ಖಾಸಗಿ ದೋಣಿ ಓಡಿಸುವಂತಿಲ್ಲ ಅನ್ನುವ ಕಾಗದ ಕೈಯಲ್ಲಿತ್ತು. ದೋಣಿಯನ್ನು ದಡಕ್ಕೆ ಎಳೆದು ಹಾಕಿದ್ದರೆ ಸಾಕಿತ್ತು. ಅವನು ಹಾರೆ ತರಿಸಿ, ದೋಣಿಯನ್ನು ಮಗುಚಿ, ಊರಿನವರೆಲ್ಲ ನೋಡುತ್ತಿದ್ದಂತೆ ಅದರ ತಳಕ್ಕೆ ನಾಲ್ಕು ಏಟು ಹಾಕಿದ. ಹಲಗೆ ಸೀಳಿ ಹೋಯಿತು.

"ಇಲ್ಲಿಗೆ ನಿನ್ ದರ್ಬಾರು ಮುಗೀತು ಕಣ್ಲಾ ಚನ್ನ" ಅಂದ.

ಹಿರಿಯನನ್ನು 'ಲಾ' ಅಂದಿದ್ದು ಒಂದು, ಹೆಂಡತಿ ನಂಜಮ್ಮನ ಮುಂದೆ ಅಂದಿದ್ದು ಇನ್ನೊಂದು. ಒಡೆದ ದೋಣಿಗಿಂತ ಆ ಎರಡು ಚನ್ನಪ್ಪನ ಎದೆಯಲ್ಲಿ ಹೆಚ್ಚು ದಿನ ಉರಿದವು.

ನಂಜಮ್ಮ ಹದಿನೈದು ದಿನ ಸುಮ್ಮನಿದ್ದಳು. ಆಮೇಲೆ ಗುಡ್ಡೇನಹಳ್ಳಿಯ ಶುಂಠಿ ಹೊಲಕ್ಕೆ ಕಳೆ ಕೀಳಲು ಹೊರಟಳು. ಸೇತುವೆ ಮೇಲೆಯೇ ಹೋಗಬೇಕು. ಚನ್ನಪ್ಪ ಬಾಗಿಲಿಗೆ ಅಡ್ಡ ನಿಂತ.

"ಅದರ ಮ್ಯಾಲೆ ಕಾಲಿಟ್ರೆ ಈ ವಸ್ಲು ತುಳೀಬ್ಯಾಡ."

"ನಿನ್ ಅಟಾನ ವಲೆ ಮ್ಯಾಲೆ ಇಟ್ರೆ ಬೇಯ್ತದಾ?" ಎಂದು ಅವಳು ಅವನ ತೋಳಿನ ಕೆಳಗಿಂದ ನುಸುಳಿ ಹೋದಳು. ಅಂದಿನಿಂದ ಗಂಡ ಹೆಂಡಿರ ನಡುವೆ ಅಡುಗೆ, ನೀರು, ಔಷಧಿ ಇಷ್ಟರ ಮಾತು ಉಳಿಯಿತು.

ಮೊದಲ ವರ್ಷದ ಆಷಾಢದ ಗಾಳಿಗೆ ಸೇತುವೆ ಕಿತ್ತುಕೊಂಡು ಹೋಗುತ್ತದೆ ಎಂದು ಚನ್ನಪ್ಪ ನಂಬಿದ್ದ. ಪಡುವಲ ಗಾಳಿ ಹಿನ್ನೀರಿನ ಉದ್ದಕ್ಕೂ ಬೀಸಿಕೊಂಡು ಬರುವಾಗ ಅಲೆಗಳು ಎಮ್ಮೆ ಮಂದೆಯ ಹಾಗೆ ನುಗ್ಗುತ್ತವೆ. ಸೇತುವೆ ಅದಕ್ಕೆ ಅಡ್ಡಡ್ಡ ಬಿದ್ದಿತ್ತು. ಗೋಣಿಚೀಲ ಹೊದ್ದು ದಡದ ಹೊಂಗೆ ಮರದಡಿ ಕೂತು ನೋಡಿದ. ಸೇತುವೆ ಬಳುಕಿತು, ಎದ್ದಿತು, ಬಿತ್ತು, ನಡುವೆ ಬಿಲ್ಲಿನಂತೆ ಬಾಗಿತು. ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಅನ್ನುವುದು ಅವನಿಗೆ ಕೂತಲ್ಲೇ ಅರ್ಥವಾಯಿತು. ಗಾಳಿ ತುಂಬಿದ ದೊಡ್ಡ ಡ್ರಮ್ಮುಗಳ ಮೇಲೆ ಹಾಸಿದ ಸೇತುವೆ ಅದು. ಅದರ ಎರಡೂ ಮಗ್ಗುಲಿಂದ ಉಕ್ಕಿನ ಹಗ್ಗಗಳು ನೀರಿನೊಳಕ್ಕೆ ಇಳಿದು, ತಳದಲ್ಲಿ ಇಟ್ಟ ಕಾಂಕ್ರೀಟು ಗುಂಡುಗಳಿಗೆ ಕಟ್ಟಿಕೊಂಡಿದ್ದವು. ಇವಲ್ಲದೆ ಒಂದೊಂದು ದಡದಲ್ಲಿ ಎರಡೆರಡು ಕಬ್ಬಿಣದ ರಾಟೆ; ಅವುಗಳ ಹಗ್ಗ ಬೇರೆ, ನೀರಿಗಿಳಿದು ಸೇತುವೆಯ ಅಂಚನ್ನು ಕೆಳಗಿಂದ ಹಿಡಿದಿತ್ತು. ಹಿಡಿ ತಿರುಗಿಸಿ ಈ ಹಗ್ಗಗಳನ್ನು ಎಳೆಯಬಹುದು, ಬಿಡಬಹುದು. ಯಾವ ಹಗ್ಗವೂ ಸೆಟೆದು ನಿಂತಿರಲಿಲ್ಲ. ಎಲ್ಲವೂ ತಮ್ಮ ಭಾರಕ್ಕೆ ತಾವೇ ಜೋತು ಬಿದ್ದಿದ್ದವು. ಅಲೆ ಬಂದು ಸೇತುವೆಯನ್ನು ತಳ್ಳಿದಾಗ ಆ ಜೋತ ಹಗ್ಗ ಮೊದಲು ಮೇಲೆದ್ದು, ನಿಧಾನವಾಗಿ ಭಾರ ಹಿಡಿದು, ಮತ್ತೆ ಇಳಿಯುತ್ತಿತ್ತು. ಏಟು ಯಾವುದೂ ನೇರ ಬೀಳುತ್ತಿರಲಿಲ್ಲ. ಚನ್ನಪ್ಪನೂ ದೋಣಿ ಕಟ್ಟುತ್ತಿದ್ದುದು ಹಾಗೆಯೇ. ಗಾಳಿಯ ದಿನ ದೋಣಿಯನ್ನು ಗೂಟಕ್ಕೆ ಬಿಗಿದವನು ಬೆಳಗ್ಗೆ ಬಂದು ಗೂಟವನ್ನಷ್ಟೇ ನೋಡುತ್ತಾನೆ ಎಂದು ಅಪ್ಪ ಹೇಳುತ್ತಿದ್ದ. ತನ್ನ ಅಪ್ಪನ ಬುದ್ಧಿಯನ್ನೇ ಕದ್ದು ಈ ಹಾಳು ಸೇತುವೆ ಬದುಕಿಕೊಂಡಿತು ಎಂದು ಚನ್ನಪ್ಪನಿಗೆ ಇನ್ನಷ್ಟು ಹೊಟ್ಟೆ ಉರಿಯಿತು.

ಮುಂದಿನ ಬೇಸಿಗೆಯಲ್ಲಿ ಶೆಟ್ಟಿಹಳ್ಳಿಯ ಮುಳುಗಿದ ಚರ್ಚು ನೋಡಲು ಬರುವವರು ಇತ್ತಲೂ ಬರತೊಡಗಿದರು. ಸೇತುವೆ ಮೇಲೆ ನಿಂತು ರೀಲ್ಸು ಮಾಡುವುದು, ಅದು ತೂಗಿದರೆ ಕಿರುಚುವುದು. ಒಬ್ಬ ಬೈಕಿನವನು ಆಯ ತಪ್ಪಿ ಬಿದ್ದು ಮೊಣಕಾಲು ತರಚಿಕೊಂಡು ಶಾಂತರಾಜುವಿಗೆ ಬಾಯಿಗೆ ಬಂದಂತೆ ಬೈದು ಹೋದ. ಊರಿನವರೂ ದೂರತೊಡಗಿದರು. ಶಾಂತರಾಜು ಮೋರೆ ಗಂಟಿಕ್ಕಿಕೊಂಡು ಓಡಾಡುತ್ತಿದ್ದ.

ಆಗ ಚನ್ನಪ್ಪನಿಗೆ ಒಂದು ಮಾತು ಹೊಳೆಯಿತು. ಅದನ್ನು ಎರಡು ದಿನ ಬಾಯಲ್ಲೇ ಇಟ್ಟುಕೊಂಡು ತಿರುಗಿದ. ಮೂರನೆಯ ದಿನ ಬೆಳಗ್ಗೆ ಬೋರಪ್ಪನ ಟೀ ಅಂಗಡಿಯಲ್ಲಿ ಶಾಂತರಾಜು ಕೂತಿದ್ದಾಗ, ಅವನ ಮುಖ ನೋಡದೆ, ಬೋರಪ್ಪನಿಗೆ ಹೇಳುವಂತೆ ಹೇಳಿದ.

"ಮೂವತ್ನಾಕು ವರ್ಸ ದ್ವಾಣಿ ನಡೆಸ್ದೆ ಕಣ ಬೋರಣ್ಣ. ನನ್ ದ್ವಾಣಿ ಇಂಗೆ ಕುಡುಕ ಕುಣ್ದಂಗೆ ಕುಣೀತಿತ್ತಾ?"

"ಅದು ಬ್ಯಾರೆ, ಇದು ಬ್ಯಾರೆ ಬುಡಪ್ಪ" ಅಂದ ಬೋರಪ್ಪ.

"ಏನ್ ಬ್ಯಾರೆ? ಅಗ್ಗ ಜೋತು ಬಿದ್ದು ನ್ಯಾತಾಡ್ತಾ ಅದೆ. ರಟ್ಟೇಲಿ ಕಸುವಿದ್ದೋನು ಒಬ್ಬ ರಾಟೆ ಇಡ್ದು ನಾಕು ಸುತ್ತು ಬಿಗಿ ಮಾಡಿದ್ರೆ ಸಿಮೆಂಟ್ ರೋಡಂಗೆ ನಿಂತ್ಕತದೆ. ಆದ್ರೆ ಎಲ್ಲವ್ರೆ ಕಸುವಿರೋರು? ದ್ವಾಣಿ ತಳ ವಡೆಯಾಕೆ ಮಾತ್ರ ಕಸುವು."

ಅಂಗಡಿಯಲ್ಲಿ ಇದ್ದವರು ನಕ್ಕರು. ಶಾಂತರಾಜು ಲೋಟ ಕುಕ್ಕಿ ಎದ್ದ.

"ಬಾಯಿ ಬಿಗಿ ಇಡ್ಕಳಯ್ಯ. ನಿನ್ ಬುದ್ಧಿ ಯಾವನ್ಗೂ ಬೇಕಾಗಿಲ್ಲ."

ಬೇಕಾಗಿಲ್ಲ ಅಂದವನು ಮಾರನೆಯ ದಿನವೇ ಪಡುವಲ ಮಗ್ಗುಲಿನ ಎರಡೂ ರಾಟೆಗಳನ್ನು, ಈ ದಡದ್ದನ್ನೂ ಆ ದಡದ್ದನ್ನೂ, ಹಲ್ಲು ಕಚ್ಚಿ ತಿರುಗಿಸಿದ. ಹಾಸನದ ಎಂಜಿನಿಯರು ನೀಲಾಂಬಿಕೆ ಹಗ್ಗಕ್ಕೆ ಬಳಿಸಿದ್ದ ಕೆಂಪು ಬಣ್ಣದ ಗುರುತು ರಾಟೆಯ ಹೊರಗೆ ಮೂರು ಮಾರು ದೂರದಲ್ಲಿರಬೇಕು ಎಂದು ಆಕೆ ದಡದ ಬೋರ್ಡಿನಲ್ಲಿ ಬರೆಸಿ ಹೋಗಿದ್ದರು. ನೀರು ಒಂದೊಂದು ಅಡಿ ಏರಿದಾಗಲೂ ಎಷ್ಟು ಹಗ್ಗ ಬಿಡಬೇಕು ಅನ್ನುವ ಲೆಕ್ಕವೂ ಆ ಬೋರ್ಡಿನಲ್ಲಿತ್ತು. ಶಾಂತರಾಜು ತಿರುಗಿಸಿ ಮುಗಿಸಿದಾಗ ಕೆಂಪು ಗುರುತು ರಾಟೆಯೊಳಗೆ ಸುತ್ತಿಹೋಗಿತ್ತು. ಹಗ್ಗ ವೀಣೆಯ ತಂತಿಯ ಹಾಗೆ ಸೆಟೆದು ನಿಂತಿತು. ಸೇತುವೆ ಅಲುಗಾಡುವುದು ನಿಂತುಹೋಯಿತು. ಊರೆಲ್ಲ ಶಾಂತರಾಜುವನ್ನು ಹೊಗಳಿತು. "ಈಗ ನೋಡಪ್ಪ ಸೇತುವೆ ಅಂದ್ರೆ ಇದು" ಎಂದರು. ಶಾಂತರಾಜು ಮೀಸೆ ತೀಡಿಕೊಂಡ.

ಚನ್ನಪ್ಪ ಹೊಂಗೆ ಮರದಡಿ ಕೂತು ಒಬ್ಬನೇ ನಕ್ಕ. ಇನ್ನು ಒಂದು ಒಳ್ಳೆಯ ಗಾಳಿ ಬರಬೇಕು. ಹಗ್ಗ ಹರಿಯುತ್ತದೆ, ಸೇತುವೆ ತಿರುಚಿಕೊಳ್ಳುತ್ತದೆ, ಶಾಂತರಾಜುವಿನ ಮಾನ ಊರ ಮುಂದೆ ಹೋಗುತ್ತದೆ. ಅಂಥ ಗಾಳಿಯಲ್ಲಿ ಸೇತುವೆ ಮೇಲೆ ಯಾರಿರುತ್ತಾರೆ? ಯಾರೂ ಇರುವುದಿಲ್ಲ. ಅದರಾಚೆಗೆ ಅವನು ಯೋಚಿಸಲಿಲ್ಲ. ಯೋಚನೆ ಅತ್ತ ತಿರುಗಿದಾಗಲೆಲ್ಲ ಬೀಡಿ ಹಚ್ಚಿದ.

ಜುಲೈ ಕೊನೆಗೆ ಸಕಲೇಶಪುರದ ಕಡೆ ಒಂದೇ ಸಮನೆ ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಬಂತು. ಹಿನ್ನೀರು ನಾಲ್ಕು ದಿನದಲ್ಲಿ ಮೂರಡಿ ಏರಿತು. ನೀರಿನ ಜೊತೆ ಸೇತುವೆಯೂ ಮೇಲೇಳಬೇಕಿತ್ತು. ಬಿಗಿದ ಹಗ್ಗಗಳು ಅದರ ಪಡುವಲ ಅಂಚನ್ನು ಹಿಡಿದು ಕೆಳಗೇ ಇಟ್ಟಿದ್ದವು. ಆ ಮಗ್ಗುಲಿನ ಡ್ರಮ್ಮುಗಳು ಕತ್ತಿನವರೆಗೆ ಮುಳುಗಿದ್ದು ದಡದಿಂದಲೇ ಕಾಣುತ್ತಿತ್ತು. ಶಾಂತರಾಜುವಿನ ಕಣ್ಣಿಗೆ ಅದು ಬೀಳಲಿಲ್ಲ. ಚನ್ನಪ್ಪನ ಕಣ್ಣಿಗೆ ಬಿತ್ತು, ಅವನು ಬಾಯಿ ಬಿಡಲಿಲ್ಲ.

ಆಗಸ್ಟಿನ ಮೊದಲ ಮಂಗಳವಾರ, ಹಗಲು ಮೂರು ಗಂಟೆಯಿರಬಹುದು, ಗಾಳಿ ಎದ್ದಿತು. ಮೊದಲು ಹೊಂಗೆ ಮರದ ಎಲೆಗಳು ಬೆನ್ನು ತೋರಿಸಿದವು. ಹಿಂದೆಯೇ ಮಳೆ ಅಡ್ಡಡ್ಡ ಬಂತು. ಚನ್ನಪ್ಪ ಗೋಣಿಚೀಲ ಹೊದ್ದು ದಡಕ್ಕೆ ಓಡಿದ. ಕಾದಿದ್ದ ದಿನ ಇವತ್ತೇ ಎಂದು ಅವನ ಮೈಯಲ್ಲಿ ಒಂದು ಬಿಸಿ ಹರಿಯಿತು.

ದಡದಲ್ಲಿ ನಿಂತು ನೋಡಿದರೆ ಸೇತುವೆಯ ನಡುವೆ ಮಳೆಗೆ ತಲೆ ಮೇಲಿಂದ ಹೊದ್ದ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಪ್ಪೆಗಳು. ಶುಂಠಿ ಹೊಲದ ಹೆಂಗಸರು. ಮಳೆ ಜೋರಾಗುತ್ತದೆಂದು ಹೊಲದವನು ಬೇಗ ಬಿಟ್ಟುಕಳಿಸಿದ್ದ. ಒಂಬತ್ತು ಜನ. ಸಾಲಾಗಿ, ಒಬ್ಬರ ಸೆರಗನ್ನು ಒಬ್ಬರು ಹಿಡಿದುಕೊಂಡು, ಅಡಿ ಮುಂದಿಡಲಾಗದೆ ಕೂತುಬಿಟ್ಟಿದ್ದರು. ಪ್ರತಿ ಅಲೆಗೂ ಸೇತುವೆ ಬಳುಕದೆ ಧಡ್ ಧಡ್ ಎಂದು ಏಟು ತಿನ್ನುತ್ತಿತ್ತು. ಮುಳುಗಿದ ಅಂಚಿನ ಮೇಲಿಂದ ನೀರು ಹಾಸುಹಲಗೆಯ ಮೇಲೆ ಹರಿಯುತ್ತಿತ್ತು.

"ಎದ್ದು ಬನ್ರೇ! ಓಡ್ ಬನ್ರೇ!" ಎಂದು ಕೂಗಿದ. ಗಾಳಿ ಅವನ ಕೂಗನ್ನು ಹಿಂದಕ್ಕೆ ಎಸೆಯಿತು.

ಆಗ ಆಚೆ ದಡದಲ್ಲಿ ಕೋವಿ ಹಾರಿದಂಥ ಸದ್ದಾಯಿತು. ಅಲ್ಲಿನ ಪಡುವಲ ಹಗ್ಗ ಹರಿದು ಗಾಳಿಯಲ್ಲಿ ಹಾವಿನಂತೆ ಎದ್ದು ನೀರಿಗೆ ಬಿತ್ತು. ಸೇತುವೆಯ ಆ ತುದಿ ಮೂಡಲಕ್ಕೆ ವಾಲಿತು. ಹೆಂಗಸರು ಕಿರುಚಿದ್ದು ಈಗ ಕೇಳಿಸಿತು. ಆ ಹಗ್ಗ ಹೊತ್ತಿದ್ದ ಭಾರವೆಲ್ಲ ಈಚೆ ದಡದ ಹಗ್ಗಕ್ಕೆ ಬಂತು. ಚನ್ನಪ್ಪನಿಂದ ಹತ್ತು ಹೆಜ್ಜೆ ದೂರದಲ್ಲಿ ಅದು ಸೆಟೆದು, ಮಳೆ ನೀರನ್ನು ಹೊಗೆಯ ಹಾಗೆ ಕೊಡವುತ್ತ, ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಇದೂ ಹೋದರೆ ನೀರಿನೊಳಗಿನವು ಒಂದಾದ ಮೇಲೊಂದು ಹೋಗುತ್ತವೆ. ಆಮೇಲೆ ಸೇತುವೆ ಮಗುಚುತ್ತದೆ.

ಮೂವತ್ತನಾಲ್ಕು ವರ್ಷ ಒಂದು ಕೋಳಿಮರಿ ಕಳೆಯದ ಚನ್ನಪ್ಪ ಆ ಒಂಬತ್ತು ಕೊಪ್ಪೆಗಳನ್ನು ನೋಡಿದ. ಕಾಲು ತಾನಾಗಿಯೇ ಓಡಿತು.

ರಾಟೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಎದೆ ಕೊಟ್ಟು, ಕೂದಲೆಳೆಯಷ್ಟು ಹಿಂದಕ್ಕೆ ಒತ್ತಿ, ರಾಟೆ ತಾನಾಗಿ ಬಿಚ್ಚಿಕೊಳ್ಳದಂತೆ ಅದರ ಹಲ್ಲಿಗೆ ಸಿಕ್ಕಿಸಿದ್ದ ತಡೆಗೊಕ್ಕೆಯನ್ನು ಕಾಲಿನಿಂದ ಮೇಲೆತ್ತಿ ಒಂದು ಹಲ್ಲು ಬಿಟ್ಟ. ಭಾರ ಅವನ ಭುಜವನ್ನೇ ಕಿತ್ತುಕೊಂಡು ಹೋಗುವಂತೆ ಎಳೆಯಿತು. ಮತ್ತೆ ಕೊಕ್ಕೆ ಹಾಕಿ ಉಸಿರು ತೆಗೆದುಕೊಂಡ. ಇನ್ನೊಂದು ಹಲ್ಲು. ಇನ್ನೊಂದು. ಹಗ್ಗದ ಸ್ವರ ಸ್ವಲ್ಪ ದಪ್ಪವಾಯಿತು. ಒಂದು ಸುತ್ತು ಪೂರ್ತಿ ಬಿಟ್ಟ. ಎರಡನೆಯ ಸುತ್ತಿಗೆ ಕೈ ಹಾಕಿದ.

"ಲೇ! ಅಗ್ಗ ಬಿಚ್ತಾವ್ನೆ ಕಣ್ರೋ! ಸೇತುವೆ ಬುಡ್ತಾವ್ನೆ!"

ಶಾಂತರಾಜು. ಹಿಂದೆ ಊರಿನ ಹತ್ತು ಹದಿನೈದು ಜನ. ಶಾಂತರಾಜುವಿನ ಕೈಯಲ್ಲಿ ಬೇಲಿಯ ಗಳು.

"ಇಂತದ್ ಮಾಡ್ತೀಯ ಅಂತ ಗೊತ್ತಿತ್ತು ಕಣ್ಲಾ ನನ್ಮಗ್ನೆ. ಎಂಗಸ್ರು ಮ್ಯಾಲವ್ರೆ!"

"ಅದುಕ್ಕೇ ಬುಡ್ತಾ ಇರೋದು. ಅತ್ರ ಬರ್ಬ್ಯಾಡ. ಕೈ ತಪ್ಪಿದ್ರೆ…"

ಮಾತು ಮುಗಿಯಲಿಲ್ಲ. ಗಳು ಅವನ ಬೆನ್ನಿಗೆ ಬಿತ್ತು. ಕೈ ತಪ್ಪಿತು. ಬಿಟ್ಟ ಹಿಡಿ ಗಿರ್ರನೆ ತಿರುಗಿ ಅವನ ಬಲಗೈಗೆ ಬಡಿಯಿತು. ಮೂಳೆ ಮುರಿದದ್ದು ಸೌದೆ ಮುರಿದ ಹಾಗೆ ಅವನಿಗೇ ಕೇಳಿಸಿತು. ರಾಟೆ ತಾನೇ ತಾನಾಗಿ ತಿರುಗುತ್ತ ಹಗ್ಗವನ್ನು ಉಗುಳಿತು. ಶಾಂತರಾಜು ಹೆದರಿ ಹಿಂದಕ್ಕೆ ಹಾರಿದ. ಏಳೆಂಟು ಸುತ್ತು ಹೋದ ಮೇಲೆ ರಾಟೆಯ ಓಟ ತಗ್ಗಿತು. ಕೆಸರಲ್ಲಿ ಬಿದ್ದಿದ್ದ ಚನ್ನಪ್ಪ ತೆವಳಿ ಹೋಗಿ ಎಡಗೈಯಿಂದ ಕೊಕ್ಕೆಯನ್ನು ಹಲ್ಲಿಗೆ ಹಾಕಿದ.

ಅಷ್ಟರಲ್ಲಿ ಜನ ಅವನ ಮೇಲೆ ಬಿದ್ದರು. ಯಾರ ಕಾಲು, ಯಾರ ಕೈ ಅನ್ನುವುದು ಅವನಿಗೆ ಗೊತ್ತಾಗಲಿಲ್ಲ. "ಊರಿಗೆ ಕಂಟಕ", "ಕೊಲೆಗಡುಕ" ಅನ್ನುವ ಮಾತುಗಳು ಕೇಳಿಸಿದವು. ನಿನ್ನೆ ಮೊನ್ನೆಯವರೆಗೆ ಅವನ ದೋಣಿಯಲ್ಲಿ ಕೂತು ದಾಟಿದವರೇ ಒದ್ದರು. ಕಡೆಗೆ ಬೋರಪ್ಪ ಅಡ್ಡ ಬಂದು, "ಸತ್ತೋಯ್ತಾನೆ ಬುಡ್ರಪ್ಪ, ಪೋಲೀಸ್ನೋರು ನೋಡ್ಕತಾರೆ" ಅಂದ.

ಅತ್ತ ನೀರಿನಲ್ಲಿ ಸೇತುವೆ ಬಿಲ್ಲಾಗಿ ಬಾಗಿತ್ತು. ಹರಿದಿರಲಿಲ್ಲ. ಮುಳುಗಿದ್ದ ಅಂಚು ಮೇಲೆದ್ದಿತ್ತು. ಭಾರ ನೀರಿನೊಳಗಿನ ಹಗ್ಗಗಳಿಗೆಲ್ಲ ಹಂಚಿಹೋಗಿ, ಅಲೆ ಬಂದರೆ ಏರಿ, ಹೋದರೆ ಇಳಿಯುತ್ತಿತ್ತು. ಹೆಂಗಸರು ಮೊಣಕಾಲ ಮೇಲೆ ತೆವಳುತ್ತ ಒಬ್ಬೊಬ್ಬರಾಗಿ ದಡ ಸೇರಿದರು. ಕೊನೆಯವಳು ನಂಜಮ್ಮ. ಕೆಸರಿನಲ್ಲಿ ಬಿದ್ದಿದ್ದ ಗಂಡನನ್ನು ನೋಡಿದಳು. ಸುತ್ತ ನಿಂತವರನ್ನು ನೋಡಿದಳು. ತನ್ನ ಕೊಪ್ಪೆ ತೆಗೆದು ಅವನ ಮೇಲೆ ಹೊದಿಸಿ, ಅವನ ತಲೆಯ ಹತ್ತಿರ ಮಳೆಯಲ್ಲೇ ಕುಕ್ಕರಗಾಲಲ್ಲಿ ಕೂತಳು. ಆಂಬುಲೆನ್ಸು ಬರುವವರೆಗೂ ಯಾರೂ ಹತ್ತಿರ ಸುಳಿಯಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಊರಿಗೆ ಬಂದ ದಿನವೇ ನೀಲಾಂಬಿಕೆ ವಿಚಾರಣೆಗೆ ಬಂದರು. ಜೊತೆಗೆ ಠಾಣೆಯ ಪೇದೆ ಒಬ್ಬ. ರಾಟೆಯ ಸುತ್ತ ಊರಿಗೂರೇ ನೆರೆದಿತ್ತು. ಚನ್ನಪ್ಪನನ್ನು ಕರೆಸಿ ಒಂದು ಕಲ್ಲಿನ ಮೇಲೆ ಕೂರಿಸಿದರು. ನಂಜಮ್ಮ ಹಿಂದೆ ನಿಂತಳು.

"ಇವ್ನೇ ಮೇಡಂ" ಅಂದ ಶಾಂತರಾಜು. "ನಮ್ ಕಣ್ಣಾರೆ ನೋಡಿದೀವಿ. ಅಗ್ಗ ಸಡ್ಲ ಮಾಡಿ ಸೇತುವೆ ಕೆಡವಾಕೆ ನೋಡ್ದ. ಮೊದಲಿಂದ್ಲೂ ಇವ್ನಿಗೆ ಒಟ್ಟೆ ಉರಿ."

ನೀಲಾಂಬಿಕೆ ನೀರಿನಂಚಿಗೆ ಇಳಿದರು. ನಲವತ್ತರ ಆಸುಪಾಸಿನ ಹೆಂಗಸು, ಕಾಲಿಗೆ ರಬ್ಬರ್ ಬೂಟು. ಹರಿದ ಹಗ್ಗದ ತುದಿ ನೋಡಿದರು, ಆಚೆ ದಡದ ರಾಟೆಯನ್ನೂ ನೋಡಿಕೊಂಡು ಬಂದರು. ಈಚೆ ರಾಟೆಯ ಹತ್ತಿರ ಕುಕ್ಕರಿಸಿ, ಅದರಲ್ಲಿ ಇನ್ನೂ ಉಳಿದಿದ್ದ ಸುತ್ತುಗಳನ್ನು ಎಣಿಸಿದರು.

"ಆಚೆ ದಡದಲ್ಲಿ ಕೆಂಪು ಗುರುತು ರಾಟೆಯೊಳಗೆ ಸುತ್ತಿಕೊಂಡಿದೆ. ನೀರು ಮೂರಡಿ ಏರಿದೆ. ಬೋರ್ಡಿನ ಪ್ರಕಾರ ಹಗ್ಗ ಬಿಡಬೇಕಿತ್ತು. ಎಳೆದವರು ಯಾರು?"

ಶಾಂತರಾಜು ಬೋರ್ಡಿನ ಕಡೆ ನೋಡಿದ.

"ಕೇಳಿಸ್ಕೊಳ್ಳಿ" ಎಂದು ಆಕೆ ಎದ್ದು ನಿಂತರು. "ಈ ಹಗ್ಗ ಜೋತು ಬಿದ್ದಿರೋದು ಸೋಮಾರಿತನಕ್ಕಲ್ಲ. ಗಾಳಿಯ ಏಟನ್ನ ಆ ಜೋತ ಭಾಗ ತಿನ್ನುತ್ತೆ. ಬಿಗಿ ಮಾಡಿದರೆ ಏಟು ಸೀದಾ ಹಗ್ಗಕ್ಕೇ ಬೀಳುತ್ತೆ. ಒಂದು ಹರಿದರೆ ಪಕ್ಕದ್ದು, ಅದರ ಪಕ್ಕದ್ದು. ಮಂಗಳವಾರ ಈ ರಾಟೆಯನ್ನ ಯಾರೂ ಸಡಿಲ ಮಾಡದೆ ಇದ್ದಿದ್ದರೆ, ಇವತ್ತು ನಾನು ವಿಚಾರಣೆಗೆ ಬರ್ತಿರಲಿಲ್ಲ. ಒಂಬತ್ತು ಹೆಣ ಹುಡುಕೋದಕ್ಕೆ ಬರ್ತಿದ್ದೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒದ್ದಿದ್ದವರಲ್ಲಿ ಇಬ್ಬರು ಮೂವರು ಮೆಲ್ಲಗೆ ಹಿಂದಕ್ಕೆ ಸರಿದರು. ನಂಜಮ್ಮ ಗಂಡನ ಭುಜದ ಮೇಲೆ ಕೈಯಿಟ್ಟಳು. ಒಂದೂವರೆ ವರ್ಷದಿಂದ ಆ ಕೈ ಅವನ ಮೈ ಮುಟ್ಟಿರಲಿಲ್ಲ.

"ನಂಗೊತ್ತಿತ್ತು ಕಣವ್ವ" ಅಂದಳು ನೀಲಾಂಬಿಕೆಗೆ. "ಇವ್ರು ರಾಟೆ ಬುಡೋಗಂಟ ಕಾಲ್ ಕೆಳ್ಗೆ ಸುತ್ಗೇಲಿ ವಡ್ದಂಗಾಯ್ತಿತ್ತು. ಬುಟ್ಟೇಟ್ಗೆ ತೊಟ್ಲಂಗಾಯ್ತು. ನೀರು ಬಲ್ಲೋರು ನಮ್ಮನೆಯೋರು."

ಶಾಂತರಾಜುವಿನ ಮುಖ ಬೆಳ್ಳಗಾಗಿತ್ತು. "ನಾನೇ ಬಿಗಿ ಮಾಡ್ದೆ ಮೇಡಂ" ಅಂದ ಕಡೆಗೆ. "ಜನ ಅಲ್ಲಾಡ್ತದೆ ಅಲ್ಲಾಡ್ತದೆ ಅಂತ ಬಯ್ತಿದ್ರು. ನಂಗೇನ್ ಗೊತ್ತು."

"ಬೋರ್ಡು ಓದೋಕೆ ಬರಲ್ವಾ?"

"ಬತ್ತದೆ."

"ಮತ್ತೆ?"

ಅವನು ಚನ್ನಪ್ಪನ ಕಡೆ ಒಮ್ಮೆ ನೋಡಿದ. ಟೀ ಅಂಗಡಿಯ ಮಾತು ಅವನ ನಾಲಿಗೆಯ ತುದಿಯಲ್ಲಿದ್ದದ್ದು ಚನ್ನಪ್ಪನಿಗೆ ಕಾಣಿಸಿತು. ಆದರೆ ವೈರಿಯ ಹಂಗಿಸುವ ಮಾತಿಗೆ ಕುಣಿದೆ ಎಂದು ಊರ ಮುಂದೆ ಒಪ್ಪಿಕೊಳ್ಳುವುದು ಶಾಂತರಾಜುವಿಗೆ ಕೆಲಸ ಹೋಗುವುದಕ್ಕಿಂತ ದೊಡ್ಡ ಅವಮಾನ. ತುಟಿ ಕಚ್ಚಿಕೊಂಡು ನೆಲ ನೋಡಿದ.

ಚನ್ನಪ್ಪ ಸುಮ್ಮನಿದ್ದರೆ ಸಾಕಿತ್ತು. ಒಂದೂವರೆ ವರ್ಷ ಬೇಡಿಕೊಂಡದ್ದೆಲ್ಲ ಕಾಲ ಬುಡಕ್ಕೆ ಬಂದು ಬಿದ್ದಿತ್ತು. ಶಾಂತರಾಜು ತಲೆ ತಗ್ಗಿಸಿ ನಿಂತಿದ್ದ. ಊರು ತನ್ನ ಕಡೆ ತಿರುಗಿತ್ತು. ಬೋರಪ್ಪ ಆಗಲೇ, "ಚನ್ನಪ್ಪಣ್ಣ ಬಾಳ ದೊಡ್ಡ ಮನುಸ ಕಣ್ರಪ್ಪ" ಎಂದು ಶುರು ಮಾಡಿದ್ದ. ಭುಜದ ಮೇಲೆ ನಂಜಮ್ಮನ ಕೈ ಬೆಚ್ಚಗೆ ಕೂತಿತ್ತು. ಆ ಕೈಯೇ ಅವನಿಗೆ ತಡೆಯದಾಯಿತು. ಅದು ಯಾರ ಭುಜ ಎಂದು ಗೊತ್ತಿದ್ದರೆ ಅವಳು ಇಡುತ್ತಿದ್ದಳೇ?

"ನಾನೇ ಯೋಳಿದ್ದು" ಅಂದ.

"ಏನು?" ನೀಲಾಂಬಿಕೆ ತಿರುಗಿದರು.

"ಬಿಗಿ ಮಾಡು ಅಂತ. ಟೀ ಅಂಗ್ಡೀಲಿ ಇವ್ನ ಮುಂದೆ ಅಂದೆ. ಬಿಗಿ ಮಾಡಿದ್ರೆ ಅಗ್ಗ ಅರೀತದೆ ಅಂತ ನಂಗೆ ಗೊತ್ತಿತ್ತು. ಅರೀಲಿ ಅಂತ್ಲೇ ಅಂದೆ. ನೀರು ಏರ್ದಾಗ ಅಂಚು ಮುಳುಗಿದ್ದೂ ನೋಡ್ದೆ. ಬಾಯಿ ಬುಡ್ಲಿಲ್ಲ."

ಭುಜದ ಮೇಲಿದ್ದ ಕೈ ಎದ್ದುಹೋಯಿತು. ಅವನು ಹಿಂದಿರುಗಿ ನೋಡಲಿಲ್ಲ.

"ನಾನು ದಿನಾ ಅದರ ಮ್ಯಾಲೇ ಓಗ್ತಿದ್ದೆ" ಅಂದಳು ನಂಜಮ್ಮ. ದನಿ ಏರಿಸಲಿಲ್ಲ. "ದಿನಾ. ನೀನು ಮರದ್ ಕೆಳ್ಗೆ ಕೂತು ನೋಡ್ತಿದ್ದೆ."

"ಗಾಳೀಲಿ ಯಾರೂ ಇರಾಕಿಲ್ಲ ಅಂದ್ಕಂಡಿದ್ದೆ ಕಣಮ್ಮಿ."

"ಅಂದ್ಕಂಡಿದ್ದೆ." ಅವಳು ಜನರ ನಡುವೆ ದಾರಿ ಮಾಡಿಕೊಂಡು ಮನೆಯ ಕಡೆ ಹೊರಟಳು. ಯಾರೂ ತಡೆಯಲಿಲ್ಲ.

ಶಾಂತರಾಜು ಚನ್ನಪ್ಪನ ಮೇಲೆ ನುಗ್ಗಿದ. ಪೇದೆ ಹಿಡಿದುಕೊಂಡ. "ನನ್ನ ಕೈಲೇ ಮಾಡಿಸ್ದೆಯಲ್ಲೋ ಪಾಪಿ! ನನ್ ಕೈಲೇ!" ಎಂದು ಕೂಗಾಡಿದ. ಚನ್ನಪ್ಪನೂ ಎದ್ದ. "ನನ್ ದ್ವಾಣಿ ತಳ ವಡ್ದಿದ್ದು ಯಾವ್ ಕೈಲಿ? ಅದೂ ನಾ ಯೋಳಿದ್ನಾ?" ಮುರಿದ ಕೈ ಎದೆಗೆ ಒತ್ತಿಕೊಂಡು ಅವನೂ ಕೂಗಿದ. ನೀಲಾಂಬಿಕೆ ಇಬ್ಬರನ್ನೂ ನೋಡಿದರು. ಅವರ ಮುಖದಲ್ಲಿ ಕನಿಕರವೇನೂ ಇರಲಿಲ್ಲ.

"ಸಾಕು. ಇಬ್ಬರ ಹೇಳಿಕೆಯನ್ನೂ ಬರೆದುಕೊಳ್ಳಿ" ಎಂದು ಪೇದೆಗೆ ಹೇಳಿದರು.

ಕೇಸಾಯಿತು. ಇಬ್ಬರ ಮೇಲೂ. ಹಾಸನದ ಕೋರ್ಟಿಗೆ ಒಂದೇ ದಿನದ ತಾರೀಕು, ಒಂದೇ ಬಸ್ಸು. ಒಬ್ಬ ಮುಂದಿನ ಬಾಗಿಲ ಹತ್ತಿರ, ಇನ್ನೊಬ್ಬ ಹಿಂದೆ. ಊರಿನಲ್ಲಿ ಇಬ್ಬರನ್ನೂ ಯಾರೂ ಕರೆದು ಮಾತಾಡಿಸಲಿಲ್ಲ. ಬೋರಪ್ಪ ಟೀ ಕೊಡುತ್ತಿದ್ದ, ಅಷ್ಟೆ. ಮನೆಯಲ್ಲಿ ನಂಜಮ್ಮ ಚನ್ನಪ್ಪನ ಕೈ ಮುರಿದಿದೆ ಎಂದು ಮುದ್ದೆ ಮುರಿದು ತಟ್ಟೆಯಲ್ಲಿಟ್ಟು ತಳ್ಳುತ್ತಿದ್ದಳು. ಆಮೇಲೆ ಬೆನ್ನು ತಿರುಗಿಸಿ ಕೂತು ತಾನು ಉಣ್ಣುತ್ತಿದ್ದಳು. ಒಂದು ದಿನ ಅವನು, "ಬಯ್ಯಾದಾದ್ರೂ ಬಯ್ಯಿ" ಅಂದ. ಅವಳು ತಟ್ಟೆ ತೊಳೆಯಲು ಎದ್ದು ಹೋದಳು.

ಹದಿನೈದು ದಿನದ ಮೇಲೆ ಹೊಸ ಹಗ್ಗ ಬಂತು. ಮಳೆ ನಿಂತಿರಲಿಲ್ಲ, ಹಿನ್ನೀರು ಇನ್ನೂ ಏರುತ್ತಿತ್ತು. ಹೊಸ ಆಳು ಬರಲು ಇಲಾಖೆಯ ಆದೇಶ ಆಗಬೇಕು, ಅದಕ್ಕೆ ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ರಾಟೆ ತಿರುಗಿಸುವವರು ಬೇಕು. ನೀಲಾಂಬಿಕೆ ಶಾಂತರಾಜುವನ್ನೂ ಚನ್ನಪ್ಪನನ್ನೂ ದಡಕ್ಕೆ ಕರೆಸಿದರು.

"ಇವರಿಗೆ ಕೈ ಇದೆ, ತಿಳಿವಳಿಕೆ ಇಲ್ಲ. ನಿಮಗೆ ತಿಳಿವಳಿಕೆ ಇದೆ, ಕೈ ಇಲ್ಲ. ಹೊಸಬರು ಬರೋವರೆಗೆ ದಿನಾ ಬೆಳಗ್ಗೆ ಇಬ್ಬರೂ ಇಲ್ಲಿರಬೇಕು. ನೀವು ಹೇಳಿ, ಅವರು ತಿರುಗಿಸ್ತಾರೆ. ದಿನಾ ಕೆಂಪು ಗುರುತಿನ ಫೋಟೋ ನನಗೆ ಬರಬೇಕು."

"ಇವ್ನು ಯೋಳ್ದಂಗೆ ನಾನು ಕೇಳಾದಾ?" ಅಂದ ಶಾಂತರಾಜು.

"ಒಂದು ಸಲ ಕೇಳಿದ್ರಲ್ಲ. ಇನ್ನೊಂದು ಸಲ ಕೇಳಿ."

ಅವರು ಜೀಪು ಹತ್ತಿ ಹೊರಟುಹೋದರು.

ಮಾರನೆಯ ಬೆಳಗ್ಗೆ ತುಂತುರು ಮಳೆ. ಶಾಂತರಾಜು ಮೊದಲೇ ಬಂದು ರಾಟೆಯ ಹಿಡಿ ಹಿಡಿದು ನಿಂತಿದ್ದ. ಚನ್ನಪ್ಪ ನೀರಿನ ಅಳತೆಗೋಲು ನೋಡಿಕೊಂಡು ಬಂದು ನಾಲ್ಕು ಮಾರು ದೂರ ನಿಂತ. ಹತ್ತಿರ ಹೋಗಲಿಲ್ಲ.

"ಅರ್ಧ ಅಡಿ ಏರ್ಯದೆ. ಬುಡು."

ಶಾಂತರಾಜು ಹಿಡಿಯನ್ನು ಹಿಂದಕ್ಕೆ ಒತ್ತದೆ ಕೊಕ್ಕೆಗೆ ಕಾಲು ಹಾಕಲು ಹೋದ.

"ಮೊದ್ಲು ಎದೆ ಕೊಡು. ನನ್ ಕೈ ಮುರ್ದಂಗೆ ನಿನ್ ದವಡೆ ಮುರೀತದೆ."

"ಮುರೀಲಿ ಅಂತ ತಾನೇ ನಿನ್ ಆಸೆ?"

"ಊಂ. ಆದ್ರೂ ಎದೆ ಕೊಡು."

ಶಾಂತರಾಜು ಎದೆ ಕೊಟ್ಟ. ಕೊಕ್ಕೆ ಎತ್ತಿದ. ಒಂದು ಹಲ್ಲು ಸರಿಯಿತು.

"ಇನ್ನೊಂದು."

"ಗೊತ್ತು."

"ಗೊತ್ತಿದ್ರೆ ಮಾಡು."

ಶುಂಠಿ ಹೊಲದ ಹೆಂಗಸರು ಕೊಪ್ಪೆ ಹಾಕಿಕೊಂಡು ಬಂದರು. ಇಬ್ಬರನ್ನೂ ನೋಡಿ ಒಬ್ಬಳು ಬಾಯಿಗೆ ಸೆರಗು ಇಟ್ಟುಕೊಂಡಳು, ಇನ್ನೊಬ್ಬಳು ಕ್ಯಾಕರಿಸಿ ನೀರಿಗೆ ಉಗಿದಳು. ನಂಜಮ್ಮ ಅವರ ಹಿಂದೆ ಬುತ್ತಿ ಹಿಡಿದು ಬಂದಳು. ರಾಟೆಯ ಹತ್ತಿರ ಒಂದು ಗಳಿಗೆ ನಿಂತಳು. ನೀರಿನೊಳಕ್ಕೆ ಇಳಿಯುವ ಹಗ್ಗವನ್ನು, ಅದು ಜೋತಿರುವುದನ್ನು, ತನ್ನ ಕಣ್ಣಿಂದಲೇ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಗಂಡನ ಮಾತಿನ ಮೇಲಾಗಲಿ, ಶಾಂತರಾಜುವಿನ ಕೈಯ ಮೇಲಾಗಲಿ ಅವಳಿಗೆ ನಂಬಿಕೆ ಉಳಿದಿರಲಿಲ್ಲ. ನೋಡಿ ಮುಗಿಸಿ, ಇಬ್ಬರ ಕಡೆಗೂ ತಿರುಗದೆ, ಸೇತುವೆಯ ಮೇಲೆ ನಡೆದು ಕೆಲಸಕ್ಕೆ ಹೋದಳು.